ಗಂಗಮ್ಮನ ಸರದಿ

ಪ್ರತಿಭಾಳ ಅಮ್ಮ ಗಂಗಮ್ಮ ಅಮೆರಿಕಕ್ಕೆ ಬರುವುದು ಮೂರು ಸಲ ನಿಂತುಹೋಗಿತ್ತು. ಮೊದಲ ಸಲ, ಅತ್ತೆ ಪ್ರೇಮಮ್ಮ ಊರಿಗೆ ವಾಪಸ್ ಹೋಗುವುದನ್ನು ಎರಡು ತಿಂಗಳು ಮುಂದಕ್ಕೆ ಹಾಕಿಕೊಂಡರು. ಎರಡನೇ ಸಲ ಗಂಡ ರಘುವಿನ ಕೆಲಸ ಹೋಯಿತು. ಮೂರನೇ ಸಲ ಊರಿನಲ್ಲಿ ತಮ್ಮ ರಾಕೇಶನಿಗೆ ಅವಳಿ ಮಕ್ಕಳಾಗಿ, ಗಂಗಮ್ಮ ಎರಡು ತೊಟ್ಟಿಲ ನಡುವೆ ಸಿಕ್ಕಿಕೊಂಡರು. ಮೂರು ಸಲವೂ ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇರ್ಲಿ ಬುಡವ್ವ, ಮುಂದಿನ್ ಸಲ ಬಂದ್ರಾಯ್ತು." ಪ್ರತಿಭಾ ಅಲ್ಲಿನ ವುಡಿನ್‌ವಿಲ್‌ನಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಗಿತ್ತು. ಅಮ್ಮ ಆ ಮನೆಯನ್ನು ನೋಡಿದ್ದು ಫೋನಿನಲ್ಲಿ ಮಾತ್ರ, ಅದರಲ್ಲೂ ಅಡುಗೆಮನೆಯ ಒಂದು ಮೂಲೆಯನ್ನು.

ತಾನೇ ಹೋಗಿ ಬರೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ವೀಸಾಕ್ಕೆ ಮುದ್ರೆ ಹಾಕಿಸಿಕೊಳ್ಳಲು ಊರಿಗೆ ಹೋಗಿ, ಸಂದರ್ಶನದ ದಿನ ಸಿಗದೆ ಅಲ್ಲೇ ತಿಂಗಳುಗಟ್ಟಲೆ ಉಳಿದು, ಇಲ್ಲಿ ಕೆಲಸ ಕಳೆದುಕೊಂಡವರ ಕಥೆಗಳನ್ನು ಅವಳು ವಾರಕ್ಕೊಂದರಂತೆ ಕೇಳುತ್ತಿದ್ದಳು. ಹಾಗಾಗಿ ಆರು ವರ್ಷದಿಂದ ಅವಳು ಹೋಗಿಲ್ಲ, ಅಮ್ಮ ಒಮ್ಮೆಯೂ ಬಂದಿಲ್ಲ.

ಈ ಸಲ ಬಿಡುವುದಿಲ್ಲ ಎಂದು ಪ್ರತಿಭಾ ಹಠ ಹಿಡಿದಿದ್ದಳು. ಅವಳ ಕೆಲಸ ಟಕ್ವಿಲಾದ ಒಂದು ಗೋದಾಮಿನ ಆಫೀಸಿನಲ್ಲಿ. ಯಾವ ಟ್ರಕ್ಕು ಎಷ್ಟು ಹೊತ್ತಿಗೆ ಯಾವ ಬಾಗಿಲಿಗೆ ಬಂದು ನಿಲ್ಲಬೇಕು, ಎಷ್ಟು ಹೊತ್ತಿಗೆ ಖಾಲಿಯಾಗಿ ಹೊರಡಬೇಕು ಎಂದು ಗೊತ್ತು ಮಾಡುವವಳು ಅವಳೇ. ದಿನಕ್ಕೆ ಎಪ್ಪತ್ತು ಟ್ರಕ್ಕು. ಆ ಎಪ್ಪತ್ತನ್ನೂ ಒಂದು ಕೈಯಲ್ಲಿ ಸುಧಾರಿಸಬಹುದಿತ್ತು. ಇಬ್ಬರು ಬೀಗಿತ್ತಿಯರನ್ನು ಒಂದು ರೂಮಿಗೆ ಒಬ್ಬರಾದ ಮೇಲೆ ಒಬ್ಬರಂತೆ ತಂದು ಇಳಿಸುವುದರಲ್ಲಿ ಮಾತ್ರ ಅವಳು ಹೈರಾಣಾಗಿದ್ದಳು.

ಮನೆಯಲ್ಲಿ ಕೆಳಗಿರುವುದು ಒಂದೇ ರೂಮು. ಗಂಗಮ್ಮನ ಮಂಡಿ ಸವೆದಿದೆ, ಮೆಟ್ಟಿಲು ಹತ್ತಲಾರರು. ಪ್ರೇಮಮ್ಮ ಹತ್ತಬಲ್ಲರು, ಹತ್ತುವುದಿಲ್ಲ. ಇನ್ನು ಇಬ್ಬರೂ ಒಂದೇ ಸಮಯದಲ್ಲಿ ಬಂದಿರುವುದಂತೂ ಆಗದ ಮಾತು. ಮಗನ ಮನೆಯಲ್ಲಿ ಬೀಗಿತ್ತಿಯ ಎದುರಿಗೆ ಕಾಲು ಚಾಚಿ ಕೂರುವುದು ಪ್ರೇಮಮ್ಮನಿಗೆ ಆಗದು. ಮಗಳ ಮನೆಯಲ್ಲಿ ಬೀಗಿತ್ತಿ ಇರುವಾಗ ಬಾಯಿಬಿಟ್ಟು ಒಂದು ಲೋಟ ಕಾಫಿ ಕೇಳುವುದು ಗಂಗಮ್ಮನಿಗೆ ಆಗದು. ಅದೇನು ಶಾಸ್ತ್ರವೋ, ಬರೆದಿಟ್ಟವರು ಯಾರೂ ಇಲ್ಲ, ಮೀರಿದವರೂ ಇಲ್ಲ.

ಅತ್ತ ಊರಿನಲ್ಲೂ ಸರದಿಯೇ. ಗಂಗಮ್ಮ ಕೆ.ಆರ್. ಪೇಟೆ ಬಿಟ್ಟು ಹೊರಡಬೇಕಾದರೆ ಅವಳಿಗಳನ್ನು ನೋಡಿಕೊಳ್ಳಲು ರಾಕೇಶನ ಅತ್ತೆ ಬರಬೇಕು. ಆಕೆಗೆ ಬಿಡುವಿರುವುದು ಮೇ, ಜೂನ್, ಜುಲೈ. ಆಗಸ್ಟಿನಲ್ಲಿ ಆಕೆಯ ಕಿರಿಮಗಳ ಹೆರಿಗೆ. ವರ್ಷದ ಕೊನೆಗೆ ಗಂಗಮ್ಮನ ಮಂಡಿಯ ಆಪರೇಷನ್. ಅದಾದ ಮೇಲೆ ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬರುವ ಮಾತೆಲ್ಲಿ? ಈ ಮೇ ತಪ್ಪಿದರೆ ಅಮ್ಮ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಪ್ರತಿಭಾಳಿಗೆ ಖಚಿತವಾಗಿತ್ತು.

ಅದಕ್ಕೇ ಅವಳು ಪ್ರೇಮಮ್ಮನನ್ನು ಡಿಸೆಂಬರಿನಲ್ಲೇ ಕರೆಸಿಕೊಂಡಿದ್ದಳು. ಏಪ್ರಿಲ್ ಕೊನೆಯ ಮಂಗಳವಾರ ಪ್ರೇಮಮ್ಮ ಹೊರಡುವುದು, ಮುಂದಿನ ಸೋಮವಾರ ಗಂಗಮ್ಮ ಬಂದಿಳಿಯುವುದು. ಪ್ರೇಮಮ್ಮನಿಗೆ ಇಂಗ್ಲಿಷ್ ಬರದು, ಜೊತೆ ಬೇಕು. ಪಕ್ಕದೂರು ಡುವಾಲ್‌ನಲ್ಲಿ ಮಗಳು ರಜನಿಯ ಮನೆಗೆ ಬಂದಿದ್ದ ಅಶ್ವತ್ಥನಾರಾಯಣ ಎಂಬ ಮೈಸೂರಿನ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಅದೇ ದಿನ ಹೊರಡುವವರಿದ್ದರು. ಗಂಗಮ್ಮನ ಜೊತೆಗೆ, ರಜಕ್ಕೆ ಊರಿಗೆ ಹೋಗಿ ವಾಪಸಾಗಲಿದ್ದ ಅನುಶ್ರೀ ಎಂಬ ಹುಡುಗಿ ಸಿಕ್ಕಿದ್ದಳು. ಇಷ್ಟು ಜನರ ಬಿಡುವನ್ನು ಹೊಂದಿಸಲು ಪ್ರತಿಭಾಳಿಗೆ ಐದು ತಿಂಗಳು ಹಿಡಿಯಿತು.

ಪ್ರೇಮಮ್ಮ ಏಪ್ರಿಲ್ ಮೊದಲ ವಾರದಲ್ಲಿ, ಮುದ್ದೆ ಮುರಿಯುತ್ತ ಕೇಳಿದರು.

"ರಘು, ನಾನು ಹೊರಡೋ ದಿನ ಯಾವ ವಾರ?"

"ಮಂಗಳವಾರ."

"ಮಂಗಳವಾರ ಅಂತ ನಂಗ್ಯಾರೂ ಹೇಳಲಿಲ್ಲ."

"ತಾರೀಖು ಹೇಳಿದ್ನಲ್ಲಮ್ಮ."

"ತಾರೀಖು ಕಟ್ಕೊಂಡು ನಂಗೇನಾಗ್ಬೇಕು? ಮಂಗಳವಾರ ಮನೆ ಹೆಂಗಸು ಹೊರಡ್ತಾಳಾ? ಅದೂ ಉತ್ತರಕ್ಕೆ ಶೂಲ, ಆ ಕಡೆ ಹೋಗ್ಲೇಬಾರದ ದಿನ."

ಪ್ರತಿಭಾ ಬಸ್ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಸಂಜೆ ಆರೂವರೆಗೆ ಬಂದು, ಸೊಪ್ಪು ಬಿಡಿಸಿ, ಕಾಳು ಬೇಯಿಸಿ, ಬಸಿದು, ಮಸಾಲೆ ರುಬ್ಬಿ ಆಗಷ್ಟೇ ಕೂತಿದ್ದಳು.

"ಅತ್ತೆ, ಈಗ ದಿನ ಬದಲಾಯ್ಸೋಕಾಗಲ್ಲ."

"ಬದಲಾಯ್ಸು ಅಂದ್ನಾ? ನಿನ್ನ ಲೆಕ್ಕ ನಂಗೊತ್ತು. ಚಳಿಗಾಲ ನಂಗೆ, ಬೇಸಿಗೆ ನಿಮ್ಮಮ್ಮಂಗೆ. ನಾಲ್ಕು ಗಂಟೆಗೆ ಕತ್ತಲಾಗೋ ಊರಲ್ಲಿ ಕೂತಿದ್ದೆ. ಏನಾದ್ರೂ ಅಂದ್ನಾ?"

ದಿನಾ ಅಂದಿದ್ದರು.

"ಪರಸ್ಥಾನ ಇಟ್ರಾಯ್ತು," ಎಂದರು ಪ್ರೇಮಮ್ಮ.

ಮೊಮ್ಮಗಳು ಸ್ಪಂದನಾ ಪುಸ್ತಕದಿಂದ ತಲೆಯೆತ್ತಿ, ಅದೇನೆಂದು ಕೇಳಿದಳು. ಹದಿನೈದು ವರ್ಷದ ಆ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಪ್ರೇಮಮ್ಮ ವಿವರಿಸಿದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ ಚೀಲವನ್ನು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಚೀಲವನ್ನು ಮನೆಗೆ ತರಬಾರದು, ಏಳು ದಿನದೊಳಗೆ ತಾನೂ ಹೊರಡಬೇಕು.

"ಸೋ ಇಟ್ಸ್ ಲೈಕ್ ಚೆಕಿಂಗ್ ಇನ್ ಯುವರ್ ಬ್ಯಾಗ್ ಅರ್ಲಿ?"

"ಏನೋ ಒಂದು. ಇಂಡಿಯಾ ಇಲ್ಲಿಂದ ಯಾವ ದಿಕ್ಕು ನೋಡಿ ಹೇಳು."

ಸ್ಪಂದನಾ ಫೋನು ನೋಡಿದಳು. "ಫ್ಲೈಟ್ ಗೋಸ್ ನಾರ್ತ್‌ಈಸ್ಟ್, ಅಜ್ಜಿ. ಓವರ್ ಕೆನಡಾ."

"ಈಶಾನ್ಯ. ಒಳ್ಳೇದೇ ಆಯ್ತು. ರಜನಿ ಮನೆ ಪೂರ್ವಕ್ಕಿದೆ ತಾನೆ? ಅಲ್ಲೇ ಇಡೋಣ, ನನ್ನ ಜೊತೆ ಬರೋರ ಮನೆ."

ಊಟ ಮುಗಿಯುವವರೆಗೂ ಸ್ಪಂದನಾ ತನ್ನ ಚರಿತ್ರೆಯ ಪಾಠದ ಗೋಳು ಹೇಳಿಕೊಂಡಳು. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ಜಮೀನುದಾರರ ಮನೆಯವರು ಬರೆದ ಕಾಗದಗಳನ್ನು ಓದಿ ಪ್ರಬಂಧ ಬರೆಯಬೇಕಂತೆ. ಕಾಗದದ ತುಂಬ ಬರೀ ಬರುವುದು ಹೋಗುವುದೇ. ಕುದುರೆ ಕಳಿಸಿ, ಕುದುರೆ ಸಿಗಲಿಲ್ಲ, ರಸ್ತೆ ಕೆಸರಾಗಿದೆ, ಮಗಳ ಗಂಡ ಒಪ್ಪಿದರೆ ಮುಂದಿನ ತಿಂಗಳು ಬರುತ್ತಾಳೆ.

"ನೋಬಡಿ ಎವರ್ ಗೆಟ್ಸ್ ಎನಿವೇರ್. ದೇ ಜಸ್ಟ್ ರೈಟ್ ಲೆಟರ್ಸ್ ಅಬೌಟ್ ಇಟ್."

ಪ್ರೇಮಮ್ಮನಿಗೆ ಇದು ಹಿಡಿಸಿತು. "ಅವರ ಅತ್ತೆದೀರು ಬಂದ್ರೆ ಎಷ್ಟು ದಿನ ಇರ್ತಿದ್ರಂತೆ?"

"ಮಂತ್ಸ್."

"ನೋಡು ಮತ್ತೆ," ಎಂದು ಸೊಸೆಯ ಕಡೆ ನೋಡಿದರು.

ಹೊರಡುವ ಮಂಗಳವಾರಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಆರು ಗಂಟೆಗೆ ಪ್ರತಿಭಾಳೇ ಅತ್ತೆಯನ್ನು ಡುವಾಲ್‌ಗೆ ಕರೆದುಕೊಂಡು ಹೋದಳು. ಟಕ್ವಿಲಾ ಒಂದು ಕಡೆ, ಡುವಾಲ್ ಇನ್ನೊಂದು ಕಡೆ; ಆಫೀಸಿಗೆ ಒಂದು ಗಂಟೆ ತಡವಾಗುತ್ತದೆಂದು ಮೊದಲೇ ಹೇಳಿಟ್ಟಿದ್ದಳು. ಚೀಲದಲ್ಲಿ ಒಂದು ಸೀರೆ, ಅರಿಶಿನ ಹಚ್ಚಿದ ಅಕ್ಕಿ, ಎರಡು ಅಡಿಕೆ. ರಜನಿ ಹಲ್ಲುಜ್ಜುತ್ತಲೇ ಬಾಗಿಲು ತೆಗೆದಳು. ಅಶ್ವತ್ಥನಾರಾಯಣ ಟೋಪಿ ಹಾಕಿಕೊಂಡು ಹಿತ್ತಲಿನ ಕೋಳಿಗಳಿಗೆ ಕಾಳು ಹಾಕುತ್ತಿದ್ದವರು ಬಂದು, ಚೀಲವನ್ನು ತಾವೇ ಇಸಿದುಕೊಂಡು ತಮ್ಮ ರೂಮಿನ ಕುರ್ಚಿಯ ಮೇಲಿಟ್ಟರು. "ನಿಶ್ಚಿಂತೆಯಾಗಿರಿ ತಾಯಿ. ವಿಮಾನ ಬದಲಾಯಿಸೋ ಫ್ರಾಂಕ್‌ಫರ್ಟ್ ನನಗೆ ಅಂಗೈ ಗೆರೆ ಇದ್ದ ಹಾಗೆ," ಎಂದರು.

ಶುಕ್ರವಾರ ಸಂಜೆ ಪ್ರೇಮಮ್ಮನ ಬಿಪಿ ಮಾತ್ರೆ ಸಿಗಲಿಲ್ಲ. ಚೀಲದಲ್ಲಿತ್ತು.

"ಚೀಲಕ್ಕೆ ಯಾಕೆ ಹಾಕಿದ್ರಿ?" ಎಂದು ಪ್ರತಿಭಾ ಕೇಳಿದಳು.

"ಪ್ರಯಾಣಕ್ಕೆ ಬೇಕಾಗೋ ಸಾಮಾನು ತಾನೆ ಹಾಕ್ಬೇಕು? ಅಕ್ಕಿ ಅಡಿಕೆ ಯಾರಿಗೆ ಬೇಕಾಗುತ್ತೆ?"

ರಘು ಕಾರಿನ ಕೀಲಿ ತೆಗೆದುಕೊಂಡ. "ಹೋಗಿ ಚೀಲ ತರ್ತೀನಿ."

"ಚೀಲ ತಂದ್ರೆ ನಾನು ಹೊರಡಲ್ಲ," ಎಂದರು ತಾಯಿ. "ಮಾತ್ರೆ ಮಾತ್ರ ತಾ."

ಅವನು ನಲವತ್ತು ನಿಮಿಷ ಹೋಗಿ ಬಂದು, ನಾಲ್ಕು ಮಾತ್ರೆಯ ಪಟ್ಟಿಯನ್ನು ಊಟದ ಮೇಜಿನ ಮೇಲಿಟ್ಟು ಮೇಲೆ ಹೋದ.

ಭಾನುವಾರ ಮಧ್ಯಾಹ್ನ ರಜನಿಯ ಫೋನು ಬಂತು. ಅಪ್ಪ ಹಿತ್ತಲಿನ ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಜಾರಿ ಬಿದ್ದು ಪಾದದ ಗಂಟು ಮುರಿದಿದೆ. ಪಟ್ಟಿ ಕಟ್ಟಿದ್ದಾರೆ, ಮೂರು ವಾರವಂತೂ ಪ್ರಯಾಣವಿಲ್ಲ.

ಆ ಸಂಜೆ ಅಡುಗೆಗೆ ಯಾರಿಗೂ ಮನಸ್ಸಿರಲಿಲ್ಲ. ಪ್ರತಿಭಾ ಫ್ರೀಜರಿನ ಚಪಾತಿ ಬಿಸಿ ಮಾಡಿ, ಉಳಿದ ಸಾಗು ಇಟ್ಟಳು. ರಘು ತಟ್ಟೆ ನೋಡುತ್ತಲೇ ಹೇಳಿದ.

"ಮೂರು ವಾರ ಅಷ್ಟೇ ಪ್ರತಿಭಾ. ಅಮ್ಮ ಅವರ ಜೊತೇಲೇ ಹೋಗ್ಲಿ. ನಿಮ್ಮಮ್ಮಂಗೆ ಹೇಳು, ಮೇ ಕೊನೇಲಿ ಬರ್ಲಿ."

"ಮೇ ಕೊನೇಲಿ ಅನುಶ್ರೀ ಎಲ್ಲಿರ್ತಾಳೆ?"

"ಬೇರೆ ಯಾರಾದ್ರೂ ಸಿಗ್ತಾರೆ. ಗ್ರೂಪಲ್ಲಿ ಹಾಕೋಣ."

"ಹಾಗಾದ್ರೆ ನಿಮ್ಮಮ್ಮಂಗೆ ಹಾಕು. ಈಗಲೇ ಹಾಕು."

"ಹಾಕಿದೀನಿ. ಎರಡು ದಿನದಲ್ಲಿ ಯಾರು ಸಿಗ್ತಾರೆ?"

"ಹಾಗಾದ್ರೆ ಒಬ್ಬರೇ ಹೋಗ್ಲಿ. ವೀಲ್‌ಚೇರ್ ಹೇಳಿದೆ, ಅವರೇ ತಳ್ಕೊಂಡು ಹೋಗಿ ಹತ್ತಿಸ್ತಾರೆ."

"ಫ್ರಾಂಕ್‌ಫರ್ಟಲ್ಲಿ ಐದು ಗಂಟೆ ಕಾಯ್ಬೇಕು. ಭಾಷೆ ಬರಲ್ಲ, ಎಪ್ಪತ್ತೊಂದು ವರ್ಷ. ನಿಮ್ಮಮ್ಮನ್ನ ಹಾಗೆ ಕಳಿಸ್ತೀಯಾ?"

ಕಳಿಸುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಮ್ಮಮ್ಮನ್ನ ಕಳಿಸೋ ಮಾತು ಎಲ್ಲಿಂದ ಬರುತ್ತೆ ರಘು? ಅವರು ಬಂದಿದ್ರೆ ತಾನೆ ಕಳಿಸೋದು?"

ಸ್ಪಂದನಾ ಮೆಲ್ಲಗೆ ಕೇಳಿದಳು. "ವೈ ಕಾಂಟ್ ಬೋತ್ ಅಜ್ಜೀಸ್ ಜಸ್ಟ್ ಸ್ಟೇ?"

"ಬೀಗಿತ್ತೀರಿಬ್ಬರು ಒಂದು ರೂಮಲ್ಲಿ ಮಲಗಿದ್ರೆ," ಎಂದರು ಪ್ರೇಮಮ್ಮ, "ಮೊದಲು ಯಾರು ಗೊರಕೆ ಹೊಡೀಲಿ ಅಂತ ಬೆಳಗಿನವರೆಗೂ ಕಾಯ್ತಾ ಇರ್ಬೇಕು." ಅವರೇ ನಗಲಿಲ್ಲ, ಉಳಿದವರೂ ನಗಲಿಲ್ಲ. ಮತ್ತೆ ಹೇಳಿದರು, "ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲಪ್ಪ. ಬರೋವಾಗ ಜೊತೇಲಿ ಒಬ್ಬರಿದ್ರು, ಆಗ್ಲೇ ನನಗೆ ಎದೆ ಹೊಡ್ಕೋತಿತ್ತು. ಮೂರು ವಾರ ತಾನೆ? ಗಂಗಮ್ನೋರು ಒಳ್ಳೆಯೋರು, ಅರ್ಥ ಮಾಡ್ಕೋತಾರೆ."

"ಅರ್ಥ ಮಾಡ್ಕೋತಾರೆ," ಎಂದಳು ಪ್ರತಿಭಾ. "ಅದೇ ನಮ್ಮಮ್ಮನ ಕಷ್ಟ. ಮೂರು ಸಲ ಅರ್ಥ ಮಾಡ್ಕೊಂಡಿದಾರೆ. ಈ ಮನೇಲಿ ಯಾರದ್ದು ಏನೇ ಹೆಚ್ಚುಕಮ್ಮಿ ಆದ್ರೂ ಮುಂದಕ್ಕೆ ಹೋಗೋದು ನಮ್ಮಮ್ಮ. ನೀವಿಬ್ಬರೂ ಅದಕ್ಕೆ ಒಗ್ಗಿಹೋಗಿದೀರ. ನಾನೂ ಒಗ್ಗಿಹೋಗಿದ್ದೆ."

"ಪ್ರತಿಭಾ, ಮೆತ್ತಗೆ ಮಾತಾಡು."

"ಮೆತ್ತಗೆ ಮಾತಾಡೀ ಮಾತಾಡೀ ಹನ್ನೊಂದು ವರ್ಷ ಆಯ್ತು. ನಂಗೆ ನಮ್ಮಮ್ಮ ಬೇಕು. ಅಷ್ಟೇ. ನಲವತ್ತಮೂರು ವರ್ಷದೋಳು, ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗುತ್ತೆ. ಆದ್ರೂ ಬೇಕು. ಒಂದು ದಿನ ಆಫೀಸಿಂದ ಬಂದಾಗ ಬಾಗಿಲು ತೆಗೆಯೋಕೆ ಅಮ್ಮ ಇರ್ಬೇಕು."

ಅವಳು ಅಳುತ್ತಿದ್ದಳು, ಅಳುತ್ತಲೇ ತಟ್ಟೆಗಳನ್ನು ಎತ್ತಿದಳು. ಪ್ರೇಮಮ್ಮ ತಮ್ಮ ರೂಮಿಗೆ ಹೋಗಿ ಬಾಗಿಲು ಎಳೆದುಕೊಂಡರು.

ಸೋಮವಾರ ಬೆಳಿಗ್ಗೆ ಪ್ರತಿಭಾ ಕೆಳಗಿಳಿದಾಗ ಅತ್ತೆ ಸ್ನಾನ ಮುಗಿಸಿ ಉಪ್ಪಿಟ್ಟು ಕೆದಕುತ್ತಿದ್ದರು. ರಘು ಬಂದು ಕೂರುವವರೆಗೂ ಕಾದು, ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು.

"ನಾಳೆ ಹೊರಡ್ತೀನಿ."

"ಯಾರ ಜೊತೆ?"

"ಯಾರ ಜೊತೆನೂ ಇಲ್ಲ. ನಂದು ಗುರುವಾರವೇ ಪರಸ್ಥಾನ ಆಗಿದೆ. ಹೊರಟೋಳು ಇಲ್ಲೇನು ಮಾಡ್ತಾ ಕೂತ್ಕೊಳ್ಳಿ? ಮೂರು ವಾರ ಆ ಚೀಲ ಯಾರದೋ ಮನೆ ಕುರ್ಚಿ ಮೇಲೆ ಕೂತಿದ್ರೆ ಶುಭ ಅಲ್ಲ."

"ಅಮ್ಮ, ನಿನ್ನೆ ಎದೆ ಹೊಡ್ಕೊಳ್ಳುತ್ತೆ ಅಂದೆ."

"ಇವತ್ತೂ ಹೊಡ್ಕೋತಿದೆ. ಏನೀಗ? ನೀನು ಹುಟ್ಟೋಕೆ ಮುಂಚೆ ನಾನೊಬ್ಬಳೇ ಅರಸೀಕೆರೇಲಿ ರೈಲು ಬದಲಾಯ್ಸಿದೀನಿ."

"ಅರಸೀಕೆರೆನೂ ಫ್ರಾಂಕ್‌ಫರ್ಟೂ ಒಂದೇನಾ?"

"ಅರಸೀಕೆರೇಲಿ ವೀಲ್‌ಚೇರ್ ಇರ್ಲಿಲ್ಲ."

ರಘು ಹೆಂಡತಿಯ ಮುಖ ನೋಡಿದ. ಬೇಡವೆನ್ನಲಿ ಎಂದು ಅವನ ಕಣ್ಣು ಕೇಳುತ್ತಿತ್ತು. ಪ್ರತಿಭಾಳಿಗೆ ಬೇಡವೆನ್ನಬೇಕೆನಿಸಿತು, ಎನ್ನಲಿಲ್ಲ. ಹಾಗೆ ಸುಮ್ಮನಿದ್ದುದಕ್ಕೆ ಅವಳು ಆಮೇಲೆ ಬಹಳ ಸಲ ತನ್ನನ್ನೇ ಬೈದುಕೊಂಡಳು. ಹಾಗಂತ ಮತ್ತೊಂದು ಸಲ ಅವಕಾಶ ಸಿಕ್ಕಿದ್ದರೂ ಸುಮ್ಮನೇ ಇರುತ್ತಿದ್ದಳು.

ಸಂಜೆ ಸ್ಪಂದನಾ ದಪ್ಪ ಕಾಗದ ಕತ್ತರಿಸಿ ನಾಲ್ಕು ಚೀಟಿ ಮಾಡಿದಳು. ಒಂದು ಬದಿಗೆ ಇಂಗ್ಲಿಷಿನಲ್ಲಿ ಅವಳು ಬರೆದಳು, ಇನ್ನೊಂದು ಬದಿಗೆ ಕನ್ನಡದಲ್ಲಿ ಪ್ರತಿಭಾ ಬರೆದಳು. ನಾನು ಬೆಂಗಳೂರಿಗೆ ಹೋಗಬೇಕು. ನನಗೆ ಕುಡಿಯುವ ನೀರು ಬೇಕು. ದಯವಿಟ್ಟು ನನ್ನ ಮಗನಿಗೆ ಫೋನು ಮಾಡಿ. ನಾಲ್ಕನೆಯದನ್ನು ಪ್ರೇಮಮ್ಮ ತಾವೇ ಹೇಳಿ ಬರೆಸಿದರು: ನನ್ನ ಸಾಮಾನು ಮುಟ್ಟಬೇಡಿ.

ಮಂಗಳವಾರ ಡುವಾಲ್‌ಗೆ ಸುತ್ತಿ ಚೀಲ ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದರು. ಅಶ್ವತ್ಥನಾರಾಯಣ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ತಪ್ಪು ಮಾಡಿದವರ ಹಾಗೆ ಕೈ ಮುಗಿದರು. ವೀಲ್‌ಚೇರಿನಲ್ಲಿ ಕೂತ ಮೇಲೆ ಪ್ರೇಮಮ್ಮ ಮಡಿಲಿನ ಮೇಲಿದ್ದ ಪಾಸ್‌ಪೋರ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಆದರೂ ಅದು ನಡುಗುತ್ತಿತ್ತು. ಪ್ರತಿಭಾ ಬಗ್ಗಿ ಕಾಲು ಮುಟ್ಟಿದಾಗ ಅವರು ಹೇಳಿದ್ದು ಇಷ್ಟು: "ಹಾಸಿಗೆ ಮೇಲುಹೊದಿಕೆ ಒಗೆದು ಹಾಕಿದೀನಿ. ಮಂಡಿ ನೋವಿನೋರಿಗೆ ಆ ಮಂಚ ತಗ್ಗಾಯ್ತು, ಇನ್ನೊಂದು ಹಾಸಿಗೆ ಹಾಕ್ಸು."

ರಘು ಬುಧವಾರ ಕೆಲಸಕ್ಕೆ ರಜ ಹಾಕಿ ಫೋನು ಹಿಡಿದು ಕೂತ. ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. ಉಪ್ಪು ಕೊಡು, ಕಸದ ದಿನ ಇವತ್ತೇನಾ, ಅಷ್ಟೇ. ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನಿಂದ ಫೋನು ಬಂತು. ಮೈಸೂರಿನಿಂದ ಕಾರು ತಂದಿದ್ದ ಡ್ರೈವರ್ ಅಡಿವೆಪ್ಪನ ಫೋನು. "ಬಂದೆ," ಎಂದರು ಪ್ರೇಮಮ್ಮ. "ಸಾಮಾನೂ ಬಂತು. ನಿದ್ದೆ ಬರ್ತಿದೆ, ಇಡ್ತೀನಿ."

ಆಫೀಸಿನಲ್ಲಿದ್ದ ಪ್ರತಿಭಾಳಿಗೆ ರಘು ಎರಡು ಪದದ ಮೆಸೇಜು ಕಳಿಸಿದ. ಅವಳು ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಎಲ್ಲ ಮುಗಿಯಿತು, ಇನ್ನು ಸೋಮವಾರ ಅಮ್ಮ ಬಂದರಾಯಿತು ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಟಕ್ವಿಲಾಕ್ಕೆ ಹೋಗುವ ದಾರಿಯಲ್ಲಿ, ಸಾಲುಗಟ್ಟಿ ನಿಂತ ಕಾರುಗಳ ನಡುವೆ, ಗಂಗಮ್ಮನ ಫೋನು ಬಂತು.

"ಬೀಗ್ರು ಒಬ್ರೇ ಬಂದ್ರಂತಲ್ಲವ್ವ?"

"ಯಾರು ಹೇಳಿದ್ರು?"

"ಅಳಿಯಂದ್ರೇ ಹೇಳುದ್ರು. ಯಾರ್ ಜೊತೆ ಬಂದ್ರು ಅಂತ ನಾನೇ ಕೇಳ್ದೆ. ಒಬ್ರೇ ಅಂದ್ರು. ಆಮ್ಯಾಕೆ ಏನೂ ಮಾತಾಡ್ಲಿಲ್ಲ."

"ಅವರ ಜೊತೆ ಬರೋರು ಬಿದ್ದು ಕಾಲು ಮುರ್ಕೊಂಡ್ರಮ್ಮ. ಅತ್ತೆ ತಾವಾಗೇ ಹೋಗ್ತೀನಿ ಅಂದ್ರು."

"ತಾವಾಗೇ ಅಂತ ಯಾರಾರೂ ವೋಯ್ತಾರಾ? ನಾನ್ ಬತ್ತೀನಿ ಅಂತ ತಾನೆ ಅವ್ರು ಜಾಗ ಖಾಲಿ ಮಾಡಿದ್ದು? ವಯಸ್ಸಾದೋರ್ನ ಒಬ್ಬೊಬ್ರೇ ಕಳ್ಸಿ, ಅವ್ರು ಎದ್ದೋದ ಮಂಚದ ಮೇಲೆ ನಾನ್ ವೋಗಿ ಮಲೀಕಳ್ಳಾ? ನಾನ್ ಬರಾಕಿಲ್ಲ ಕಣವ್ವ. ನಾಳಿಕೆ ಯಾವ್ ಮಕ ಹೊತ್ಕಂಡು ಅವ್ರ್ ಮುಂದೆ ನಿಂತ್ಕಳ್ಳಿ?"

"ಅಮ್ಮ, ಸೋಮವಾರ ಫ್ಲೈಟು."

"ಇರ್ಲಿ ಬುಡವ್ವ, ಮುಂದಿನ್—"

"ಮುಂದಿನ ಸಲ ಅನ್ಬೇಡ! ಆ ಮಾತು ಇನ್ನೊಂದು ಸಲ ಆಡಿದ್ರೆ ನೋಡು!"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪ್ರತಿಭಾ ಮುಂದಕ್ಕೆ ಸರಿಸಿದಳು. ಫೋನಿನಲ್ಲಿ ಒಂದು ಮಗು ಅಳುವುದು ಕೇಳಿಸಿತು, ಆಮೇಲೆ ಇನ್ನೊಂದು. "ಮಕ್ಳು ಎದ್ವು," ಎಂದು ಗಂಗಮ್ಮ ಇಟ್ಟುಬಿಟ್ಟರು.

ಸಂಜೆ ಅವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ರಘುವನ್ನು ಹಿಡಿದುಕೊಂಡಳು.

"ಒಬ್ಬರೇ ಹೋದ್ರು ಅಂತ ಯಾಕೆ ಹೇಳ್ದೆ?"

"ಕೇಳಿದ್ರು, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ಸುಳ್ಳು ಬೇಡ. ಅದರ ಜೊತೆ ಇನ್ನೊಂದು ಮಾತು ಹೇಳ್ಬಹುದಿತ್ತು. ಅಮ್ಮ ಅವರಾಗೇ ಹೊರಟ್ರು, ನೀವು ಬನ್ನಿ ಅಂತ. ಒಂದು ಮಾತು ರಘು. ಅಷ್ಟಕ್ಕೂ ನಿನಗೆ ಮನಸ್ಸು ಬರ್ಲಿಲ್ಲ."

ಅವನು ಸಿಂಕಿನ ನಲ್ಲಿ ನಿಲ್ಲಿಸಿದ.

"ನಂಗೆ ಸಿಟ್ಟಿತ್ತು," ಎಂದ. "ಅಮ್ಮನ ಕೈ ನಡುಗ್ತಿತ್ತು, ನೀನೂ ನೋಡ್ದೆ. ನಂಗೆ ನಿನ್ನ ಮೇಲೆ ಸಿಟ್ಟಿತ್ತು. ನಿಮ್ಮಮ್ಮನ ಮೇಲಲ್ಲ."

"ಬಿದ್ದಿದ್ದು ಯಾರ ಮೇಲೆ?"

ಅವನು ಫೋನು ಹಿಡಿದುಕೊಂಡು ಹಿತ್ತಲಿಗೆ ಹೋದ. ಮೊದಲು ಗಂಗಮ್ಮನಿಗೆ ಮಾಡಿದ. ಅವರು ಅಳಿಯನಿಗೆ ಬಹಳ ಮರ್ಯಾದೆಯಿಂದ, ಬಹಳ ಮೆತ್ತಗೆ, ಬರುವುದಿಲ್ಲ ಎಂದರು. ಆಮೇಲೆ ತನ್ನ ತಾಯಿಗೆ ಮಾಡಿದ. ಏನು ಮಾತಾಡಿದನೆಂದು ಒಳಗೆ ಬಂದು ಹೇಳಲಿಲ್ಲ, ಪ್ರತಿಭಾ ಕೇಳಲೂ ಇಲ್ಲ. ಅವಳು ಅವನಿಗೆ ಅನ್ನ ಬಡಿಸಿಟ್ಟು ಮೇಲೆ ಹೋಗಿ ಮಲಗಿದಳು.

ಶುಕ್ರವಾರ ಇಡೀ ದಿನ ಅವಳು ಟ್ರಕ್ಕುಗಳನ್ನು ಬಾಗಿಲಿಗೆ ಹಚ್ಚಿದಳು, ಕಳಿಸಿದಳು. ರಾಕೇಶನಿಗೆ ಎರಡು ಸಲ ಮಾಡಿದಳು. "ನನ್ ಮಾತು ಕೇಳ್ತಾಳಾ ಅಕ್ಕ? ಸೂಟ್‌ಕೇಸ್ ಅಟ್ಟಕ್ಕೆ ಹಾಕ್ಸವ್ಳೆ," ಎಂದ ಅವನು. ಅನುಶ್ರೀ, ಆಂಟಿಯನ್ನು ಏರ್‌ಪೋರ್ಟಿನಲ್ಲಿ ಎಲ್ಲಿ ಕಾಯಲಿ ಎಂದು ಮೆಸೇಜು ಹಾಕಿದ್ದಳು. ಅದಕ್ಕೆ ಉತ್ತರ ಬರೆಯಲು ಪ್ರತಿಭಾಳ ಕೈ ಬರಲಿಲ್ಲ. ಟಿಕೆಟ್ ರದ್ದು ಮಾಡುವ ಪುಟವನ್ನು ತೆಗೆದು ನೋಡಿದಳು, ಮುಚ್ಚಿದಳು. ಸಿಟ್ಟೂ ಇರಲಿಲ್ಲ ಈಗ. ದಣಿವಾಗಿತ್ತು. ಅಮ್ಮನ ಮೇಲೆ, ಅತ್ತೆಯ ಮೇಲೆ, ಗಂಡನ ಮೇಲೆ ತಪ್ಪು ಹೊರಿಸಿ ಹೊರಿಸಿ ಕೊನೆಗೆ ಯಾರ ಮೇಲೂ ಹೊರಿಸಲಾಗದೆ ಸಾಕಾಗಿತ್ತು.

ಸಂಜೆ ಎಂಟಕ್ಕೆ, ಹೊರಗೆ ಇನ್ನೂ ಬೆಳಕಿರುವಾಗ, ಅವಳು ದೋಸೆ ಹುಯ್ಯುತ್ತಿದ್ದಳು. ರಘು ಮತ್ತು ಸ್ಪಂದನಾ ತಟ್ಟೆ ಹಿಡಿದು ಕೂತಿದ್ದರು. ಫೋನು ಬಡಿದುಕೊಂಡಿತು. ಅಮ್ಮನ ನಂಬರು. ಅಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆ.

"ಹೇಳಮ್ಮ."

"ನಾನು ಕಣೇ," ಎಂದಿತು ಪ್ರೇಮಮ್ಮನ ದನಿ.

ಪ್ರತಿಭಾ ಮತ್ತೊಮ್ಮೆ ನಂಬರು ನೋಡಿದಳು. "ಅತ್ತೆ? ಇದು ಅಮ್ಮನ ಫೋನು."

"ಹೌದು. ನಿಮ್ಮಮ್ಮನ ಮನೇಲೇ ಇದೀನಿ. ಅಡಿವೆಪ್ಪನ ಕಾರಲ್ಲಿ ಆರು ಗಂಟೆಗೇ ಮೈಸೂರಿಂದ ಹೊರಟ್ಬಂದೆ. ನಿದ್ದೆಯಂತೂ ಬರಲ್ಲ, ಮೂರಕ್ಕೇ ಎದ್ದು ಕೂತಿದ್ದೆ."

ಹಿಂದಿನಿಂದ ಗಂಗಮ್ಮನ ದನಿ ಕೇಳಿಸಿತು. "ಯಾಕ್ ಬೀಗ್ರೇ, ಕಾಲ್ ನೋಡಿ ಹೆಂಗ್ ಊದ್ಕಂಡವೆ. ವಸಿ ಕುಂತ್ಕಳಿ, ಕಾಪಿ ಆರೋಯ್ತದೆ." ಒಂದು ಮಗು ಏನನ್ನೋ ಬಡಿಯುತ್ತಿತ್ತು. ಪ್ರತಿಭಾಳ ಮದುವೆಯಾದ ಹದಿನೇಳು ವರ್ಷದಲ್ಲಿ ಪ್ರೇಮಮ್ಮ ಕೆ.ಆರ್. ಪೇಟೆಯ ಆ ಮನೆಗೆ ಒಂದು ಸಲವೂ ಹೋಗಿರಲಿಲ್ಲ. ಬೀಗರ ಮನೆಗೆ ಕರೆಯದೆ ಹೋಗುವುದೆಂದರೆ ಅವರಿಗೆ ತಲೆ ತಗ್ಗಿಸಿದ ಹಾಗೆ.

ರಘು ಎದ್ದು ಬಂದು ಒಲೆ ಆರಿಸಿದ. ದೋಸೆ ಕರಕಲಾಗಿತ್ತು.

"ಅತ್ತೆ, ಫೋನ್ ಅಮ್ಮಂಗೆ ಕೊಡಿ."

"ಕೊಡಲ್ಲ. ಕೊಟ್ರೆ ಅವರು ಬೇಡ ಅಂತಾರೆ, ನೀನು ಕೂಗಾಡಿ ಆಮೇಲೆ ಆಯ್ತು ಅಂತೀಯ. ತಾಯಿ ಮಗಳು ಇಬ್ಬರೂ ಅಷ್ಟೇ. ಸೂಟ್‌ಕೇಸ್ ಅಟ್ಟದಿಂದ ಇಳಿಸಿದೀನಿ, ನಾನೇ ತುಂಬ್ತಿದೀನಿ. ಆ ಹುಡುಗಿಗೆ ಹೇಳು, ಏರ್‌ಪೋರ್ಟಿಗೆ ಇದೇ ಕಾರಲ್ಲಿ ನಾನೇ ಕರ್ಕೊಂಡು ಬರ್ತೀನಿ, ಒಳಗೆ ಹೋಗೋದು ನೋಡ್ಕೊಂಡೇ ವಾಪಸ್ ಬರೋದು ಅಂತ."

ಪ್ರತಿಭಾಳಿಗೆ ಹೇಳಬೇಕಾದದ್ದು ಬಹಳವಿತ್ತು, ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ.

"ಅತ್ತೆ, ನನಗೋಸ್ಕರ ನೀವು ಇಷ್ಟೆಲ್ಲ..."

"ನಿನಗೋಸ್ಕರ ಅಂತ ಯಾರು ಹೇಳಿದ್ರು?" ಎಂದರು ಪ್ರೇಮಮ್ಮ. "ಆ ಫ್ರಾಂಕ್‌ಫರ್ಟಲ್ಲಿ ಐದು ಗಂಟೆ ಬಚ್ಚಲಿಗೆ ಹೋಗೋಕೂ ಹೆದರ್ಕೊಂಡು, ನೀರೂ ಕುಡೀದೆ ಕೂತಿದ್ದೆ ನಾನು. ಅದು ದಂಡ ಆಗ್ಬಾರ್ದು."